ಮಣ್ಣಿಲ್ಲದ ಕೈತೋಟದ ನೀರೂ ಪೋಷಕದ್ರವವೂ

ಶಿಕಾರಿಪುರ ತಾಲ್ಲೂಕಿನ ಈಸೂರಿನಂತಹ ಗ್ರಾಮಗಳಲ್ಲಿ ಗದ್ದೆ ತೋಟಗಳುಳ್ಳ ಮನೆತನದವರಿಗೆ, ಮಣ್ಣಿಲ್ಲದೆ ಸೊಪ್ಪು ಬೆಳೆಯುವ ಮಾತು ವಿನೋದವಾಗಿ ತೋರಬಹುದು. ಆದರೆ ಮಳೆಗಾಲದಲ್ಲಿ ಹಿತ್ತಲೆಲ್ಲ ಕೆಸರಾಗಿ ಮಡಿಯ ಸೊಪ್ಪು ಕೊಳೆಯುವಾಗ, ಬೆಳಕು ಬೀಳುವ ಸೂರಿನಡಿಯಲ್ಲಿ ನಾಲ್ಕು ತೊಟ್ಟಿಗಳನ್ನಿಟ್ಟುಕೊಂಡವರ ಮನೆಯಲ್ಲಿ ಸಾರಿಗೆ ಸೊಪ್ಪಿರುತ್ತದೆ. ಕ್ರಮವೇನೂ ಹೊಸದಲ್ಲ. ಜರ್ಮನಿಯ ಸಾಕ್ಸ್ ಮತ್ತು ಕ್ನಾಪ್ ಎಂಬ ವಿದ್ವಾಂಸರು 1860ರ ಸುಮಾರಿನಲ್ಲಿಯೇ ಲವಣಗಳನ್ನು ಕರಗಿಸಿದ ನೀರಿನಲ್ಲಿ ಗಿಡಗಳನ್ನು ಬೆಳೆಸಿದ್ದರು. ಈಚೆಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹುದುಗಿಸಿದ ತೆಂಗಿನ ನಾರಿನ ಪುಡಿಯಲ್ಲಿ ತರಕಾರಿ ಬೆಳೆಯುವ ವಿಧಾನವನ್ನೂ, ಅದಕ್ಕೆ ಬೇಕಾದ ‘ಅರ್ಕಾ ಸಸ್ಯ ಪೋಷಕ ರಸ’ವೆಂಬ ದ್ರವವನ್ನೂ ಸಿದ್ಧಪಡಿಸಿರುತ್ತಾರೆ.

ಭೂಮಿಯಲ್ಲಿ ಜೇಡಿಯೂ ಕೊಳೆತ ಎಲೆಯ ಅಂಶವೂ ಹೆಚ್ಚಾದ ಲವಣವನ್ನು ಹಿಡಿದಿಟ್ಟುಕೊಂಡು, ಕಡಮೆಯಾದಾಗ ಬಿಟ್ಟುಕೊಡುತ್ತವೆ. ತೊಟ್ಟಿಯ ನೀರಿಗೆ ಆ ಗುಣವಿಲ್ಲ. ಗದ್ದೆಯಲ್ಲಿ ಒಂದು ಹಿಡಿ ಗೊಬ್ಬರ ಹೆಚ್ಚಾಗಿ ಬಿದ್ದರೆ ಪೈರು ಸಹಿಸೀತು. 20 ಲೀಟರಿನ ತೊಟ್ಟಿಯಲ್ಲಿ ಬಿದ್ದರೆ ಬೇರು ಸುಟ್ಟುಹೋಗುತ್ತದೆ. ಆದಕಾರಣ ಇಲ್ಲಿ ಕಣ್ಣಳತೆ ನಡೆಯದು. ರಸಸಾರವನ್ನೂ ವಿದ್ಯುದ್ವಾಹಕತೆಯನ್ನೂ ತೋರಿಸುವ ಎರಡು ಸಣ್ಣ ಮಾಪಕಗಳನ್ನು ತೊಟ್ಟಿಗಿಂತ ಮೊದಲು ಕೊಳ್ಳತಕ್ಕದ್ದು.

ಮೊದಲು ನೀರಿನ ವಿಚಾರ. ಗೊಬ್ಬರ ಬೆರೆಸುವ ಮೊದಲು ವಿದ್ಯುದ್ವಾಹಕತೆಯು ಮೀಟರಿಗೆ 0.5 ಡೆಸಿಸೀಮನ್ಸಿನೊಳಗಿದ್ದರೆ ನೀರು ಉತ್ತಮ. 1ನ್ನು ಮೀರಿದರೆ ನಿಭಾಯಿಸುವುದು ಕಷ್ಟ. ಕೊಳವೆಬಾವಿಯ ನೀರು ಗಾಳಿ ತಗುಲಿದ ಮೇಲೆ ಕಂದು ಬಣ್ಣಕ್ಕೆ ತಿರುಗಿದರೆ ಅದರಲ್ಲಿ ಕಬ್ಬಿಣವಿದೆಯೆಂದು ತಿಳಿಯಬೇಕು. ಅಂತಹ ನೀರನ್ನು ಎತ್ತರದಿಂದ ಸುರಿದು, ಒಂದು ದಿನ ನಿಲ್ಲಿಸಿ, ತಿಳಿಯನ್ನು ಮಾತ್ರ ತೆಗೆದುಕೊಳ್ಳತಕ್ಕದ್ದು. ಮಲೆನಾಡಿನವರಿಗೆ ಮಳೆಯ ನೀರಿಗಿಂತ ಒಳ್ಳೆಯದು ಬೇರೆ ಸಿಕ್ಕದು. ಮೊದಲ ಮಳೆಗಳು ಮಾಡನ್ನು ತೊಳೆದ ಮೇಲೆ ಅದನ್ನು ಹಿಡಿದಿಡಬಹುದು. ಆದರೆ ಅದರಲ್ಲಿ ಸುಣ್ಣದ ಅಂಶ ಇಲ್ಲದಷ್ಟು ಕಡಮೆಯಾದ್ದರಿಂದ ಅದನ್ನು ಪೋಷಕದ್ರವದಿಂದಲೇ ಒದಗಿಸಬೇಕು. ಸತುವಿನ ಲೇಪವುಳ್ಳ ತಗಡಿನ ತೊಟ್ಟಿಯೂ ತಾಮ್ರದ ಪಾತ್ರೆಯೂ ಕೂಡದು. ಹೊಸ ಸಿಮೆಂಟಿನ ತೊಟ್ಟಿಯು ಸುಣ್ಣವನ್ನು ಬಿಟ್ಟು ರಸಸಾರವನ್ನು ಏರಿಸುತ್ತದೆ.

ಮನೆಯಲ್ಲಿ ಉಳಿದ ಯೂರಿಯವನ್ನು ಕರಗಿಸಿ ಹಾಕುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಭೂಮಿಯಲ್ಲಿ ಸೂಕ್ಷ್ಮಜೀವಿಗಳು ಯೂರಿಯವನ್ನು ಮೊದಲು ಅಮೋನಿಯವಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ತೊಟ್ಟಿಯಲ್ಲಿ ಆ ಕೆಲಸ ಸರಿಯಾಗಿ ಸಾಗದೆ ಅಮೋನಿಯವು ನಿಂತು ಬೇರಿಗೆ ವಿಷವಾಗುತ್ತದೆ. ಇಲ್ಲಿ ಸಾರಜನಕವು ಬಹುಪಾಲು ನೈಟ್ರೇಟಿನ ರೂಪದಲ್ಲಿಯೇ ಇರತಕ್ಕದ್ದು. ಕ್ಯಾಲಿಫೋರ್ನಿಯದ ಹೋಗ್ಲೆಂಡ್ ಮತ್ತು ಆರ್ನನ್ ಎಂಬುವರು 1938ರಲ್ಲಿ ಪ್ರಕಟಿಸಿದ ಪತ್ರಿಕೆಯಿಂದ ಪ್ರಸಿದ್ಧವಾದ ದ್ರವದಲ್ಲಿ, ಪ್ರತಿ ಲೀಟರಿಗೆ ಸುಮಾರು 210 ಮಿಲಿಗ್ರಾಮು ಸಾರಜನಕ, 31 ರಂಜಕ, 235 ಪೊಟ್ಯಾಸಿಯಂ, 200 ಕ್ಯಾಲ್ಸಿಯಂ, 48 ಮೆಗ್ನೀಸಿಯಂ, 64 ಗಂಧಕ ಇರುತ್ತವೆ. ಕಬ್ಬಿಣ, ಬೋರಾನು ಮುಂತಾದವು ಅತ್ಯಲ್ಪ. ಹರಿವೆ, ಪಾಲಕ್ ಮೊದಲಾದ ಸೊಪ್ಪುಗಳಿಗೆ ಇದರ ಅರ್ಧದಷ್ಟು ಸಾರದಿಂದ ಆರಂಭಿಸಬಹುದು.

ಕ್ಯಾಲ್ಸಿಯಂ ನೈಟ್ರೇಟನ್ನು ಫಾಸ್ಫೇಟು ಸಲ್ಫೇಟುಗಳೊಡನೆ ಗಟ್ಟಿದ್ರವವಾಗಿ ಬೆರೆಸಿದರೆ ಸುಣ್ಣದಂತಹ ಗಷ್ಟು ತಳಕ್ಕಿಳಿದು ಪೋಷಕಾಂಶವೂ ಹಣವೂ ನಷ್ಟವಾಗುತ್ತವೆ. ಅಂಗಡಿಯ ದ್ರವಗಳು ಎರಡು ಸೀಸೆಗಳಲ್ಲಿ ಬರುವುದು ಇದಕ್ಕಾಗಿಯೇ ಹೊರತು ವ್ಯಾಪಾರದ ಉಪಾಯವಲ್ಲ. ಒಂದನ್ನು ತೊಟ್ಟಿಯ ನೀರಿನಲ್ಲಿ ಚೆನ್ನಾಗಿ ಕಲಸಿದ ಮೇಲೆಯೇ ಮತ್ತೊಂದನ್ನು ಹಾಕತಕ್ಕದ್ದು.

ರಸಸಾರವು 5.5ರಿಂದ 6.5ರವರೆಗೆ ಇರಬೇಕು. ಇದಕ್ಕೂ ಮೇಲೇರಿದಂತೆ ದ್ರವದಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ದಕ್ಕದೆ, ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿಯುತ್ತವೆ. ಇದನ್ನು ಗೊಬ್ಬರದ ಕೊರತೆಯೆಂದು ಭ್ರಮಿಸಿ ಮತ್ತಷ್ಟು ಸುರಿಯಬಾರದು; ತೆಳುವಾದ ಫಾಸ್ಫಾರಿಕ್ ಆಮ್ಲವನ್ನು ತೊಟ್ಟುತೊಟ್ಟಾಗಿ ಹಾಕಿ ಅಳೆಯುತ್ತ ಇಳಿಸಬೇಕು. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕೆ ಎಂದಿಗೂ ಹಾಕಬಾರದು.

ಸೊಪ್ಪಿಗೆ ವಿದ್ಯುದ್ವಾಹಕತೆ 1.2ರಿಂದ 1.8ರವರೆಗೆ ಸಾಕು. ಬೇಸಗೆಯಲ್ಲಿ ಗಿಡವು ಲವಣಕ್ಕಿಂತ ನೀರನ್ನೇ ಹೆಚ್ಚಾಗಿ ಕುಡಿಯುವುದರಿಂದ ಉಳಿದ ದ್ರವ ಗಟ್ಟಿಯಾಗುತ್ತದೆ. ಆಗ ಬರಿಯ ನೀರನ್ನೇ ತುಂಬಬೇಕು. ಬಿಸಿಯಾದ ನೀರಿನಲ್ಲಿ ಬೇರಿಗೆ ಬೇಕಾದ ಗಾಳಿಯೂ ಕಡಮೆ. ದ್ರವದ ಉಷ್ಣತೆ 30 ಡಿಗ್ರಿಯನ್ನು ಮುಟ್ಟಿದರೆ ಬೇರುಕೊಳೆಯನ್ನು ನಿರೀಕ್ಷಿಸಬಹುದು. ತೊಟ್ಟಿಯನ್ನು ನೆರಳಿನಲ್ಲಿಟ್ಟು, ಬೆಳಕು ಹೋಗದಂತೆ ಮುಚ್ಚಿದರೆ ಪಾಚಿಯೂ ಕಟ್ಟುವುದಿಲ್ಲ.

ಎರಡು ವಾರಗಳಿಗೊಮ್ಮೆ ಹಳೆಯ ದ್ರವವನ್ನು ಪೂರ್ತಿ ತೆಗೆದು ಹೊಸದನ್ನು ತುಂಬುವುದು ಮೇಲು. ತೆಗೆದದ್ದನ್ನು ಬಾವಿಯ ಕಟ್ಟೆಯ ಬಳಿಯಲ್ಲಾಗಲಿ ಕೆರೆಗೆ ಹರಿಯುವ ಕಾಲುವೆಯಲ್ಲಾಗಲಿ ಚೆಲ್ಲಕೂಡದು. ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಮನ್ನು ಮೀರಬಾರದೆಂದು ಭಾರತೀಯ ಮಾನಕವಿದೆ. ಮೀರಿದ ನೀರು ಹಸುಗೂಸುಗಳ ರಕ್ತವನ್ನು ಕೆಡಿಸುತ್ತದೆ. ಊರಿನ ಹಿರಿಯರು ಈ ಒಂದು ಸಂಗತಿಯನ್ನಾದರೂ ನೆರೆಹೊರೆಗೆ ತಿಳಿಸಬೇಕು. ಅದೇ ದ್ರವವನ್ನು ಎರಡರಷ್ಟು ನೀರು ಬೆರೆಸಿ ತೆಂಗು, ಅಡಿಕೆ, ಬಾಳೆಗಳ ಬುಡಕ್ಕೆ ಸರದಿಯಂತೆ ಹಾಕಿದರೆ ಆ ಮರಗಳಿಗೆ ಗೊಬ್ಬರವಾಗುತ್ತದೆ.