ನಿಮಗಿದು ಗೊತ್ತೇ? ಕಾಡಿನ ಮೇಲೆ ಡ್ರೋನ್ ಹಾರಿಸಿದರೆ ಏನಾಗುತ್ತದೆ!

ಪಣಜಿಯಿಂದ ಮಾಂಡೋವಿ ಸೇತುವೆ ದಾಟಿ ಗುಡ್ಡ ಹತ್ತಿದರೆ ಪರ್ವರಿ. ಗೋವಾದ ವಿಧಾನಸಭೆ, ಸಚಿವಾಲಯ ಎರಡೂ ಇಲ್ಲೇ ಇವೆ. 2018ರ ಡಿಸೆಂಬರ್ 1ರಂದು ನಮ್ಮ ದೇಶದಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳು ರಾಜಧಾನಿಗಳ ಸಚಿವಾಲಯದ ಸುತ್ತ 3 ಕಿಲೋಮೀಟರ್ ಹಾರಾಟ ಕೂಡದು ಎಂದಿದ್ದವು. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳ ಸುತ್ತಲಿನ ಪರಿಸರ ಸೂಕ್ಷ್ಮ ವಲಯದ ಮೇಲೆ ಅನುಮತಿಯಿಲ್ಲದೆ ಹಾರಿಸಬಾರದು ಎಂಬ ಮಾತೂ ಅದೇ ಪಟ್ಟಿಯಲ್ಲಿತ್ತು. ಮಂತ್ರಿಗಳಿಗೂ ಹುಲಿಗಳಿಗೂ ಒಂದೇ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು ಅಪರೂಪವೇ ಸರಿ.

ಹುಲಿಗೂ ಪರ್ವರಿಗೂ ಇನ್ನೊಂದು ನಂಟಿದೆ. ಬಾಂಬೆ ಹೈಕೋರ್ಟ್‌ನ ಗೋವಾ ಪೀಠ 2021ರಲ್ಲಿ ಪರ್ವರಿಯ ಹೊಸ ಕಟ್ಟಡಕ್ಕೆ ಬಂತು. 2023ರ ಜುಲೈ 24ರಂದು ಅದೇ ಪೀಠ ಮಹದಾಯಿ ಅಭಯಾರಣ್ಯ ಮತ್ತಿತರ ಪ್ರದೇಶಗಳನ್ನು ಮೂರು ತಿಂಗಳೊಳಗೆ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸುವಂತೆ ಗೋವಾ ಸರ್ಕಾರಕ್ಕೆ ಆದೇಶಿಸಿತು. ವಿಷಯ ಆಮೇಲೆ ಸುಪ್ರೀಂ ಕೋರ್ಟಿಗೂ ಹೋಯಿತು. ಈ ಕಾಡುಗಳಿಗೆ ಹೊಂದಿಕೊಂಡೇ ನಮ್ಮ ಕಾಳಿ ಹುಲಿ ಸಂರಕ್ಷಿತ ಪ್ರದೇಶವಿದೆ. ಹುಲಿಗೆ ರಾಜ್ಯದ ಗಡಿ ಯಾವ ಲೆಕ್ಕ?

ಮತ್ತೆ ಡ್ರೋನ್ ವಿಚಾರಕ್ಕೆ ಬಂದರೆ, ಈಗ ಜಾರಿಯಲ್ಲಿರುವುದು 2021ರ ಆಗಸ್ಟ್ 25ರಂದು ಅಧಿಸೂಚನೆಯಾದ ಡ್ರೋನ್ ನಿಯಮಗಳು. ಹಿಂದಿನ ಬಿಗಿ ಇವುಗಳಲ್ಲಿಲ್ಲ. ಹಾರಿಸಲು ಅನುಮತಿ ಬೇಕಾದ ಹಳದಿ ವಲಯ ವಿಮಾನ ನಿಲ್ದಾಣದ ಸುತ್ತ 45 ಕಿಲೋಮೀಟರ್ ಇದ್ದದ್ದು 12ಕ್ಕೆ ಇಳಿಯಿತು. ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್ ಎತ್ತರದವರೆಗೆ ಯಾರ ಅಪ್ಪಣೆಯೂ ಬೇಡ. ನಿಯಮ ಮುರಿದರೆ ಗರಿಷ್ಠ ದಂಡ 1 ಲಕ್ಷ ರೂಪಾಯಿ.

ಪ್ರವಾಸಿಗರು ಎಡವುವುದು ಇಲ್ಲೇ. ‘ನನ್ನದು 250 ಗ್ರಾಂ ಒಳಗಿನ ನ್ಯಾನೋ, ಪೈಲಟ್ ಪ್ರಮಾಣಪತ್ರ ಬೇಕಿಲ್ಲ, ನಕ್ಷೆಯಲ್ಲೂ ಹಸಿರು ತೋರಿಸುತ್ತಿದೆ’ ಎಂದು ಗೋವಾದ ಮೊಲ್ಲೆಮ್ ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿ ವಾದಿಸಿ ಪ್ರಯೋಜನವಿಲ್ಲ. ಆ ನಕ್ಷೆ ವಿಮಾನಯಾನ ಇಲಾಖೆಯದು. ಗೇಟಿನೊಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅದಕ್ಕೆ ಡ್ರೋನಿನ ತೂಕ ಬೇಕಾಗಿಲ್ಲ. ಅಲ್ಲಿ ಚಿತ್ರೀಕರಣಕ್ಕೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು.

ಬೇಟೆ ಎಂದರೆ ಕೋವಿ ಹಿಡಿಯುವುದು ಮಾತ್ರವೇ? ಕಾಯ್ದೆಯ ಎರಡನೇ ಸೆಕ್ಷನ್ ತೆಗೆದು ನೋಡಿ. ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವುದೂ ಬೇಟೆ. ಹಕ್ಕಿಯ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಬೇಟೆ. ಗೂಡಿನ ಮೇಲೆ ಡ್ರೋನ್ ನಿಲ್ಲಿಸಿ ವಿಡಿಯೋ ಮಾಡುವವರು ತಮ್ಮನ್ನು ಪಕ್ಷಿಪ್ರೇಮಿ ಎಂದುಕೊಂಡಿರಬಹುದು. ಕಾನೂನು ಅವರನ್ನು ಬೇರೆ ಹೆಸರಿನಿಂದ ಕರೆದೀತು. ರಾಷ್ಟ್ರೀಯ ಉದ್ಯಾನ ಅಥವಾ ಅಭಯಾರಣ್ಯದೊಳಗೆ ಬೇಟೆಯ ಅಪರಾಧ ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ 25 ಸಾವಿರಕ್ಕೆ ಕಡಿಮೆಯಿಲ್ಲ. ಅಪರಾಧಕ್ಕೆ ಬಳಸಿದ ಸಾಧನ ಜಪ್ತಿಯಾದರೆ ಅದು ಸರ್ಕಾರದ ಸೊತ್ತು. ಸಾಲ ಮಾಡಿ ಕೊಂಡ ಡ್ರೋನಾದರೂ ಅಷ್ಟೇ.

ಒಂದು ಡ್ರೋನ್ ಎಷ್ಟು ಕೆಡಿಸಬಹುದು? 2021ರ ಮೇ ತಿಂಗಳು, ಅಮೆರಿಕದ ಕ್ಯಾಲಿಫೋರ್ನಿಯಾದ ಬೋಲ್ಸಾ ಚಿಕಾ ಪಕ್ಷಿಧಾಮ. ಮರಳು ದ್ವೀಪದ ಮೇಲೆ ಸಾವಿರಾರು ರೀವ ಹಕ್ಕಿಗಳು ಮೊಟ್ಟೆಗೆ ಕಾವು ಕೊಡುತ್ತಿದ್ದವು. ನಿಷೇಧವಿದ್ದರೂ ಯಾರೋ ಹಾರಿಸಿದ ಡ್ರೋನ್ ಅವುಗಳ ನಡುವೆ ಬಿತ್ತು. ಯಾವುದೋ ಹದ್ದು ಎರಗಿತೆಂದು ಹೆದರಿ ಎದ್ದ ಹಕ್ಕಿಗಳು ಮರಳಿ ಬರಲೇ ಇಲ್ಲ. ಕಾವಿಲ್ಲದೆ ಹಾಳಾದ ಮೊಟ್ಟೆಗಳು ಸುಮಾರು 1,500ರಿಂದ 2,000. ಡ್ರೋನ್ ಒಂದು ಹಕ್ಕಿಯನ್ನೂ ಮುಟ್ಟಬೇಕಾಗಿರಲಿಲ್ಲ.

ಈಗ ಪರ್ವರಿಯ ಪೂರ್ವಕ್ಕೆ ಮಾಂಡೋವಿಯ ನಡುವಿನ ಚೋಡಣ ದ್ವೀಪವನ್ನು ನೆನೆಯಿರಿ. ಅದರ ಪಶ್ಚಿಮ ತುದಿಯಲ್ಲಿರುವ ಸಲೀಂ ಅಲಿ ಪಕ್ಷಿಧಾಮದ ವಿಸ್ತೀರ್ಣ ಬರೀ 1.78 ಚದರ ಕಿಲೋಮೀಟರ್, ಬಹುಪಾಲು ಕಾಂಡ್ಲಾ ಕಾಡು. ಇಡೀ ಪಕ್ಷಿಧಾಮದ ನೆಮ್ಮದಿ ಕೆಡಿಸಲು ಡ್ರೋನಿಗೆ ನಾಲ್ಕೈದು ನಿಮಿಷ ಸಾಕು. ನಮ್ಮ ರಂಗನತಿಟ್ಟು ಇದಕ್ಕಿಂತಲೂ ಚಿಕ್ಕದು. 1940ರಲ್ಲಿ ಅದು ಪಕ್ಷಿಧಾಮವಾಗಲು ಕಾರಣರಾದವರೂ ಇದೇ ಸಲೀಂ ಅಲಿ.

ಪ್ರಾಣಿ ಓಡದಿದ್ದರೆ ಅದಕ್ಕೆ ತೊಂದರೆಯಾಗಿಲ್ಲ ಎನ್ನುವವರಿದ್ದಾರೆ. ಅಮೆರಿಕದ ಮಿನೆಸೋಟಾದ ಸಂಶೋಧಕರು ಕಪ್ಪು ಕರಡಿಗಳಿಗೆ ಹೃದಯ ಬಡಿತ ಅಳೆಯುವ ಉಪಕರಣ ಅಳವಡಿಸಿ ಮೇಲೆ ಡ್ರೋನ್ ಹಾರಿಸಿದರು. ಹೆಚ್ಚಿನ ಸಲ ಕರಡಿಗಳು ಮಿಸುಕಾಡಿದಂತೆ ಕಾಣಲಿಲ್ಲ. ಆದರೆ ಒಂದು ಸಲ ಹೃದಯ ಬಡಿತ ನಿಮಿಷಕ್ಕೆ 123ರಷ್ಟು ಏರಿತ್ತು. 2015ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ವಿಡಿಯೋದಲ್ಲಿ ಶಾಂತವಾಗಿ ಕಾಣುವ ಪ್ರಾಣಿಯ ಎದೆಯೊಳಗಿನ ಸುದ್ದಿ ಕ್ಯಾಮೆರಾಕ್ಕೆ ಸಿಗುವುದಿಲ್ಲ.

ಆನೆಗೆ ಜೇನ್ನೊಣದ ಸದ್ದೆಂದರೆ ಭಯ. ಆಫ್ರಿಕದ ಆನೆಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಇದು ಖಚಿತವಾಗಿದೆ. ಡ್ರೋನಿನ ಗುಂಯ್‌ಗುಡುವಿಕೆಗೂ ಅವು ಹಾಗೆಯೇ ಕಾಲ್ಕೀಳುತ್ತವೆ. ಟಾಂಜಾನಿಯಾದಲ್ಲಿ ಹೊಲಕ್ಕೆ ನುಗ್ಗಿದ ಆನೆಗಳನ್ನು ಕಾಡಿಗಟ್ಟಲು ಡ್ರೋನ್ ಬಳಸಿದ್ದಾರೆ. ಕಬಿನಿ ಹಿನ್ನೀರಿನಲ್ಲಿ ಮರಿಗಳೊಂದಿಗೆ ನೀರು ಕುಡಿಯುತ್ತಿರುವ ಹಿಂಡಿನ ಮೇಲೆ ಇದೇ ಸದ್ದು ಕೇಳಿದರೆ ಕಾಲ್ತುಳಿತಕ್ಕೆ ಸಿಗುವುದು ಮರಿಗಳೇ.

ಹಾಗಾದರೆ ಅರಣ್ಯ ಇಲಾಖೆಯೇ ಡ್ರೋನ್ ಹಾರಿಸುವುದೇಕೆ? ಕೊಡಗು, ಹಾಸನದ ಕಾಫಿ ತೋಟಗಳಲ್ಲಿ ಅಡಗಿದ ಆನೆಯನ್ನು, ಬಂಡೀಪುರದ ಅಂಚಿಗೆ ಬಂದ ಹುಲಿಯನ್ನು ಪತ್ತೆ ಹಚ್ಚಲು. ಮೈಯ ಶಾಖ ಗುರುತಿಸುವ ಥರ್ಮಲ್ ಕ್ಯಾಮೆರಾ ಕತ್ತಲಲ್ಲೂ ಪ್ರಾಣಿಯನ್ನು ಬೆಳ್ಳಗೆ ತೋರಿಸುತ್ತದೆ. ಇದೇ ಕಣ್ಣು ಕಳ್ಳಬೇಟೆಗಾರನ ಕೈಗೆ ಸಿಕ್ಕರೆ? ಹುಲಿ ಎಲ್ಲಿದೆ ಎಂದು ಸಾರುವ ಡ್ರೋನ್ ವಿಡಿಯೋ ಇನ್‌ಸ್ಟಾಗ್ರಾಮಿಗೆ ಹೋದರೂ ಅಪಾಯ ಅದೇ.

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರ ಜೂನ್‌ನಿಂದ ಡ್ರೋನ್ ನಿಷೇಧವಿದೆ. ತಪ್ಪಿದರೆ 6 ತಿಂಗಳವರೆಗೆ ಜೈಲು, 5,000 ಡಾಲರ್‌ವರೆಗೆ ದಂಡ. ಅದೇ ವರ್ಷದ ಆಗಸ್ಟ್‌ನಲ್ಲಿ ಡಚ್ ಪ್ರವಾಸಿಗನೊಬ್ಬನ ಡ್ರೋನ್ ಯೆಲ್ಲೋಸ್ಟೋನ್‌ನ ಪ್ರಸಿದ್ಧ ಬಣ್ಣದ ಬಿಸಿನೀರ ಕೊಳದೊಳಗೆ ಬಿತ್ತು. ದಂಡ, ಪರಿಹಾರ ಎಲ್ಲ ಸೇರಿ ಅವನು 3,200 ಡಾಲರ್ ಕಟ್ಟಬೇಕಾಯಿತು.

ಬಿದ್ದ ಡ್ರೋನಿನ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು. 2018ರ ಮಾರ್ಚ್‌ನಲ್ಲಿ ಅರಿಜೋನಾದ ಕೊಕೊನಿನೊ ಅರಣ್ಯದಲ್ಲಿ ಇಂಥ ಒಂದು ಕಿಡಿಗೆ 300 ಎಕರೆಗೂ ಹೆಚ್ಚು ಜಾಗ ಸುಟ್ಟಿತು. ನಮ್ಮಲ್ಲೂ ಮಾರ್ಚ್ ಎಂದರೆ ತರಗೆಲೆ ಒಣಗಿ ಕರುಂಕುರುಂ ಎನ್ನುವ ತಿಂಗಳು.

ಬೆಂಕಿ ಹೊತ್ತಿದ ಮೇಲೆ ಡ್ರೋನ್ ಇನ್ನೂ ಅಪಾಯಕಾರಿ. 2023ರ ಮಾರ್ಚ್‌ನಲ್ಲಿ ಮಹದಾಯಿ ಕಾಡಿಗೆ ಬೆಂಕಿ ಬಿದ್ದಾಗ ನೌಕಾಪಡೆ, ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದವು. 2019ರಲ್ಲಿ ಬಂಡೀಪುರದಲ್ಲೂ ವಾಯುಪಡೆ ಇದೇ ಕೆಲಸ ಮಾಡಿತ್ತು. ಮರಗಳ ನೆತ್ತಿ ಸವರುವಂತೆ ಹಾರುವ ಹೆಲಿಕಾಪ್ಟರಿಗೆ ಎದುರಾಗಿ ಒಂದು ಡ್ರೋನ್ ಬಂದರೂ ಪೈಲಟ್ ಹಿಂತಿರುಗಬೇಕು. 2025ರ ಜನವರಿ 9ರಂದು ಲಾಸ್ ಏಂಜಲೀಸ್‌ನ ಕಾಳ್ಗಿಚ್ಚಿನ ವೇಳೆ ನೀರು ಸುರಿಯುವ ವಿಮಾನಕ್ಕೆ ಡ್ರೋನ್ ಡಿಕ್ಕಿ ಹೊಡೆದು ರೆಕ್ಕೆಯಲ್ಲಿ ತೂತಾಯಿತು. ವಿಮಾನ ರಿಪೇರಿಗೆ ನಿಂತಿತು. ಡಿಕ್ಕಿ ಹೊಡೆದದ್ದು ಅಂಗೈಯಗಲದ ಪುಟಾಣಿ ಡ್ರೋನ್.

ದೂಧಸಾಗರಕ್ಕೆ ಹೋಗುವವರಿಗೊಂದು ಮಾತು. 310 ಮೀಟರ್ ಎತ್ತರದ ಈ ಜಲಪಾತ ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ಮೊಲ್ಲೆಮ್ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯಲ್ಲಿದೆ, ಅದರ ಎದೆಯ ಮೇಲೇ ರೈಲು ಹಾದುಹೋಗುತ್ತದೆ. ಮಳೆಗಾಲದ ಗಾಳಿಗೆ, ಎರಚಲಿಗೆ ಡ್ರೋನ್ ಕೈತಪ್ಪುವುದು ಸುಲಭ. ಬಿದ್ದರೆ ಹುಡುಕುತ್ತಾ ಕಾಡಿಗಿಳಿಯಬೇಡಿ. ಅನುಮತಿಯಿಲ್ಲದ ಪ್ರವೇಶ ಬೇರೆಯೇ ಅಪರಾಧ, ಅಭಯಾರಣ್ಯದಲ್ಲಿ ಕಸ ಬಿಟ್ಟು ಬರುವುದು ಇನ್ನೊಂದು. ನೇರವಾಗಿ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ ತಿಳಿಸಿ. ಅದಕ್ಕಿಂತ ಒಳ್ಳೆಯದು, ಡ್ರೋನನ್ನು ಮನೆಯಲ್ಲೇ ಬಿಟ್ಟು ಹೋಗಿ.