ನಾಲ್ವತ್ತು ದಿನಗಳ ವ್ರತವೂ ಉಳಿದ ರಾಗಿಯೂ

ಶಿವರಾತ್ರಿಯ ಆಸುಪಾಸಿನಲ್ಲಿ ನಮ್ಮ ಕ್ರೈಸ್ತ ಸಹೋದರರಿಗೆ ಒಂದು ದೀರ್ಘವ್ರತವು ಪ್ರಾರಂಭವಾಗುತ್ತದೆ. ಆಂಗ್ಲರು ಅದನ್ನು ಲೆಂಟ್ ಎನ್ನುವರು. ಕನ್ನಡ ಕಥೋಲಿಕರು ತಪಸ್ಸು ಕಾಲವೆಂದು ಕರೆಯುವರು. ಲೆಂಟ್ ಎಂಬುದಕ್ಕೆ ಮೂಲತಃ ವಸಂತಕಾಲವೆಂದಷ್ಟೇ ಅರ್ಥ. ಆದುದರಿಂದ ಸಂಸ್ಕೃತವನ್ನೋದಿದ ನನಗೆ ಕನ್ನಡದ ಹೆಸರೇ ಹೆಚ್ಚು ಸಾರ್ಥಕವಾಗಿ ತೋರುತ್ತದೆ. ಹಿಂದಿನ ವರ್ಷದ ಗರಿಗಳ ಭಾನುವಾರದಲ್ಲಿ ಮಂತ್ರಿಸಿದ ಗರಿಗಳನ್ನು ಸುಟ್ಟು, ಆ ಬೂದಿಯನ್ನು ಬೂದಿ ಬುಧವಾರದಂದು ಗುರುಗಳು ಭಕ್ತರಿಗೆ ಹಚ್ಚುವರು. ಅಂದಿನಿಂದ ಪಾಸ್ಕ ಹಬ್ಬದ ಹಿಂದಿನ ದಿನದವರೆಗೆ 46 ದಿನಗಳಾಗುತ್ತವೆ. ಭಾನುವಾರ ಉಪವಾಸ ಸಲ್ಲದಾದುದರಿಂದ ಆರು ಭಾನುವಾರಗಳನ್ನು ಕಳೆದು ನಾಲ್ವತ್ತೆಂದು ಲೆಕ್ಕ.

ಈಗಿನ ಕಥೋಲಿಕ ಕಟ್ಟಳೆಯಂತೆ ಬೂದಿ ಬುಧವಾರ, ಶುಭ ಶುಕ್ರವಾರ ಈ ಎರಡು ದಿನ ಒಂದೇ ಹೊತ್ತು ಪೂರ್ಣ ಭೋಜನ. ಈ ಕಾಲದ ಶುಕ್ರವಾರಗಳಲ್ಲಿ ಮಾಂಸವರ್ಜನೆ. ಅರುವತ್ತಕ್ಕೆ ಕಾಲಿಟ್ಟವರಿಗೆ ಉಪವಾಸದಿಂದ ಬಿಡುಗಡೆಯುಂಟು. ನಮ್ಮ ಏಕಾದಶಿಯ ವಿಧಿಯಾದರೋ ಎಂಬತ್ತು ಮೀರುವವರೆಗೆ ಬಿಡುವುದಿಲ್ಲ! ಈ ವ್ರತದ ವೇಷವೂ ನಮ್ಮ ಸೀಮೆಗೆ ಹೊಸದಲ್ಲ. ಹದಿನೆಂಟನೆಯ ಶತಮಾನದ ಮೊದಲಲ್ಲಿ ಚಿಕ್ಕಬಳ್ಳಾಪುರದ ಕಡೆಯಲ್ಲಿದ್ದ ಫ್ರೆಂಚ್ ಯೇಸುಸಭೆಯ ಪಾದ್ರಿಗಳು ಸಂನ್ಯಾಸಿಗಳಂತೆ ಉಡುಪು ಧರಿಸಿ, ಮಾಂಸವನ್ನು ತೊರೆದು, ಅನ್ನ ಪಲ್ಯಗಳಲ್ಲಿಯೇ ಕಾಲ ಕಳೆಯುತ್ತಿದ್ದರು.

ನಾಲ್ವತ್ತೆಂಬ ಸಂಖ್ಯೆಗೆ ಆಧಾರವು ಯೇಸುಕ್ರಿಸ್ತನ ಚರಿತ್ರೆಯಲ್ಲಿದೆ. ಆತನು ಅರಣ್ಯದಲ್ಲಿ ನಾಲ್ವತ್ತು ದಿನ ಉಪವಾಸವಿದ್ದು ಹಸಿದಾಗ ಸೈತಾನನು ಬಂದು ಮೂರು ಬಗೆಯಾಗಿ ಪರೀಕ್ಷಿಸಿದನೆಂದು ಮತ್ತಾಯನ ಸುವಾರ್ತೆಯ ನಾಲ್ಕನೆಯ ಅಧ್ಯಾಯವು ಹೇಳುತ್ತದೆ. ಕಲ್ಲುಗಳನ್ನು ರೊಟ್ಟಿಯಾಗಿಸೆಂದದ್ದು ಮೊದಲನೆಯದು. ದೇವಾಲಯದ ಶಿಖರದಿಂದ ಧುಮುಕೆಂದದ್ದು ಎರಡನೆಯದು. ತನಗೆ ಅಡ್ಡಬಿದ್ದರೆ ಲೋಕದ ರಾಜ್ಯಗಳನ್ನೆಲ್ಲ ಕೊಡುವೆನೆಂದದ್ದು ಮೂರನೆಯದು. ಗೃಹಸ್ಥರ ಭಾಷೆಯಲ್ಲಿ ಹೇಳುವುದಾದರೆ ಒಂದು ನಾಲಗೆಯದು, ಒಂದು ಕೀರ್ತಿಯದು, ಒಂದು ಗಂಟಿನದು.

ನಾಲಗೆಯ ಪರೀಕ್ಷೆಗೆ ನಮ್ಮ ಸೀಮೆಯಲ್ಲಿ ಒಂದು ವಿಶೇಷ ಸಂದರ್ಭವುಂಟು. ಯುಗಾದಿಯು ಎಷ್ಟೋ ವರ್ಷಗಳಲ್ಲಿ ಈ ನಾಲ್ವತ್ತು ದಿನಗಳೊಳಗೇ ಬೀಳುತ್ತದೆ. ಅದರ ಮರುದಿನವೇ ಹೊಸತೊಡಕು. ಹತ್ತಾರು ಮನೆಯವರು ಸೇರಿ ಕುರಿ ಕೊಯ್ಸಿ, ಗುಡ್ಡೆ ಹಾಕಿ ಹಂಚಿಕೊಳ್ಳುವ ದಿನವದು. ಕೆಂಚಾರ್ಲಹಳ್ಳಿಯಂಥ ಊರಿನಲ್ಲಿ ಅಂದು ಮಸಾಲೆಯ ಘಮಲು ಹರಡದ ಬೀದಿಯಿರದು. 2026ರಲ್ಲಿ ಯುಗಾದಿ ಮಾರ್ಚಿ 19ರ ಗುರುವಾರ; ಎಂದರೆ ಮರುದಿನ ಶುಕ್ರವಾರ. ಇಂಥ ದಿನದಲ್ಲಿ ನೆರೆಮನೆಯ ತಾಯಿಯು ಸೆರಗಿನಲ್ಲಿ ಮುಚ್ಚಿಕೊಂಡು ಒಂದು ಬಟ್ಟಲು ಸಾರನ್ನು ತಂದು ವ್ರತಸ್ಥರ ಮನೆಯಲ್ಲಿಟ್ಟಳೆನ್ನಿ. ಹಿಂದಿರುಗಿಸಿದರೆ ಸ್ನೇಹಭಂಗ, ಉಂಡರೆ ವ್ರತಭಂಗ. ಬಟ್ಟಲನ್ನು ಸಂತೋಷದಿಂದ ತೆಗೆದುಕೊಂಡು, ತೊಡಕಿಗೆ ಗುಡ್ಡೆ ಕೊಳ್ಳಲಾರದ ಮನೆಯೊಂದಕ್ಕೆ ಬಿಸಿಯಿರುವಾಗಲೇ ಮುಟ್ಟಿಸಿದರೆ ಎರಡೂ ಉಳಿಯುವುವೆಂದು ನನ್ನ ಎಣಿಕೆ. ಇದು ಯಾವ ಶಾಸ್ತ್ರದ ವಚನವೂ ಅಲ್ಲ.

ಕೀರ್ತಿಯ ಪರೀಕ್ಷೆಯನ್ನು ಕುರಿತು ಹೆಚ್ಚು ಬರೆಯಬೇಕಾಗಿಲ್ಲ. ಗುಡಿಗೆ ಕೊಟ್ಟ ವಿದ್ಯುದ್ದೀಪದ ಮೇಲೆ ದಾನಿಯ ಹೆಸರನ್ನು ಬೆಳಕೇ ಕಾಣದಷ್ಟು ದಪ್ಪಕ್ಷರಗಳಲ್ಲಿ ಬರೆಸುವ ಪದ್ಧತಿಯನ್ನು ವಾಚಕರು ಕಂಡೇ ಇರುವರು.

ಗಂಟಿನ ಪರೀಕ್ಷೆಯೇ ಕಠಿಣವಾದದ್ದು. ಏಕೆಂದರೆ ಅದು ಪರೀಕ್ಷೆಯೆಂದೇ ತೋರುವುದಿಲ್ಲ. ಒಂದು ಮನೆಯಲ್ಲಿ ಆರು ವಾರ ಮಾಂಸ ತರಲಿಲ್ಲ, ಯಜಮಾನನು ಬೀಡಿಯನ್ನೋ ಹೋಟೆಲಿನ ಕಾಫಿಯನ್ನೋ ಬಿಟ್ಟನು, ಸಿನಿಮಾ ನಿಂತಿತು. ಆ ಹಣವೆಲ್ಲಿ ಹೋಯಿತು? ಪೆಟ್ಟಿಗೆಯಲ್ಲೇ ಉಳಿದು, ಪಾಸ್ಕದ ದಿನ ಇಮ್ಮಡಿ ಮಾಂಸವಾಗಿಯೋ ಹೊಸ ಸೀರೆಯಾಗಿಯೋ ಹೊರಬಂದರೆ ಅಲ್ಲಿ ನಡೆದದ್ದು ತ್ಯಾಗವಲ್ಲ, ವಾಯಿದೆ. ಐದನೆಯ ಶತಮಾನದಲ್ಲಿ ರೋಮಾಪುರಿಯ ಪೀಠದಲ್ಲಿದ್ದ ಮೊದಲನೆಯ ಲಿಯೋ ಪೋಪರು ಈ ಕಾಲದ ಉಪದೇಶಗಳಲ್ಲಿ, ಉಪವಾಸವಿದ್ದವನು ಉಣ್ಣದೆ ಬಿಟ್ಟದ್ದು ಬಡವನ ಹೊಟ್ಟೆ ಸೇರಬೇಕೆಂದು ಬೋಧಿಸಿದ್ದರು. ಉಳಿತಾಯವು ಉಳಿಸಿದವನದಲ್ಲವೆಂಬ ಈ ಮಾತನ್ನು ಒಪ್ಪುವುದು ಉಪವಾಸಕ್ಕಿಂತಲೂ ಕಷ್ಟ.

ನಮ್ಮ ಬೃಹದಾರಣ್ಯಕೋಪನಿಷತ್ತಿನಲ್ಲಿಯೂ ಒಂದು ಕಥೆಯಿದೆ. ಉಪದೇಶವನ್ನು ಬೇಡಿಬಂದ ದೇವ, ಮನುಷ್ಯ, ಅಸುರರಿಗೆ ಪ್ರಜಾಪತಿಯು 'ದ' ಎಂಬ ಒಂದೇ ಅಕ್ಷರವನ್ನು ಹೇಳಿದನು. ಭೋಗಿಗಳಾದ ದೇವತೆಗಳು ಅದನ್ನು ದಮವೆಂದರು, ಕ್ರೂರಿಗಳಾದ ಅಸುರರು ದಯೆಯೆಂದರು. ಮನುಷ್ಯರಿಗೆ ಮಾತ್ರ ಅದು ದಾನವೆಂದು ಕೇಳಿಸಿತು. ಮನುಷ್ಯನ ರೋಗವು ಲೋಭವಾದುದರಿಂದ ಹಾಗೆ ಕೇಳಿಸಿತೆಂದು ಭಾಷ್ಯಕಾರರು. ತಪಸ್ಸು ಕಾಲವು ದಮದಿಂದ ತೊಡಗಿ ದಾನಕ್ಕೆ ಕರೆದೊಯ್ಯುತ್ತದೆ. ನಡುದಾರಿಯಲ್ಲಿ ನಿಂತುಬಿಡುವವರೇ ಹೆಚ್ಚು.

ಕೊನೆಯವರೆಗೆ ನಡೆದವರೂ ಈ ಭಾಗದಲ್ಲಿ ಇಲ್ಲದಿಲ್ಲ. ಬಳೆ ಮಾರುತ್ತಿದ್ದ ಕೈವಾರದ ತಾತಯ್ಯನವರ ಕಥೆ ಎಲ್ಲರಿಗೂ ತಿಳಿದದ್ದು. ಅಷ್ಟಾಗಿ ತಿಳಿಯದ ಹೆಸರೊಂದನ್ನು ಹೇಳುತ್ತೇನೆ. ಧಾತು, ಈಶ್ವರ ಸಂವತ್ಸರಗಳ ಬರವು, ಎಂದರೆ 1876ರಿಂದ 1878ರವರೆಗಿನ ಮಹಾಕ್ಷಾಮವು, ಮೈಸೂರು ಸೀಮೆಯನ್ನು ಸುಟ್ಟುಹಾಕಿತು. 1871ರ ಗಣತಿಯಲ್ಲಿ 50 ಲಕ್ಷವಿದ್ದ ಜನ 1881ಕ್ಕೆ ಸುಮಾರು 42 ಲಕ್ಷಕ್ಕಿಳಿಯಿತು. ಆಗ ಕೋಲಾರದಲ್ಲಿದ್ದ ಮಿಸ್ ಆನ್‌ಸ್ಟಿ ಎಂಬ ಆಂಗ್ಲ ಮಹಿಳೆಯು ತಂದೆತಾಯಿಗಳಿಲ್ಲದ ಮಕ್ಕಳನ್ನು ಕೂಡಿಸಿ ಸಾಕಿದಳು. ಆಕೆಯ ಅನಾಥಾಲಯವು 1890ರಲ್ಲಿ ಮೆಥೊಡಿಸ್ಟ್ ಸಭೆಯ ಕೈಸೇರಿತು. ಅದೇ ಸಭೆಯು 1910ರಲ್ಲಿ ಕೋಲಾರದಲ್ಲಿ ಆಸ್ಪತ್ರೆಯನ್ನೂ ತೆರೆಯಿತು. ಮತಪ್ರಚಾರದ ವಿಷಯದಲ್ಲಿ ವಾಚಕರಿಗೆ ಭಿನ್ನಾಭಿಪ್ರಾಯವಿರಬಹುದು. ಹಸಿದ ಕೂಸಿಗೆ ಗಂಜಿ ಹೊಯ್ದ ಕೈಯ ವಿಷಯದಲ್ಲಿ ಇರಲಾರದು.

ಇಂದು ಅಂಥ ಕ್ಷಾಮವಿಲ್ಲ. ಆದರೂ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ನಮ್ಮ ಜಿಲ್ಲೆಯಲ್ಲಿ, ರಾಗಿಯ ಕಣ ಮುಗಿದು ಹುಣಸೆ ಬಡಿಯುವ ಕೆಲಸವೂ ತೀರಿದ ಮೇಲೆ, ಮಳೆ ಬೀಳುವವರೆಗೆ ಕೊಳವೆಬಾವಿಯಿಲ್ಲದ ಹೊಲಗಳಲ್ಲಿ ಕೂಲಿಯಿಲ್ಲ. ತಪಸ್ಸು ಕಾಲವು ಬರುವುದು ಸರಿಯಾಗಿ ಆಗಲೇ. ದೊಡ್ಡ ದಾನವನ್ನು ಯಾರೂ ಕೇಳುತ್ತಿಲ್ಲ. ಮಿಜೋರಾಮಿನ ಕ್ರೈಸ್ತ ಗೃಹಿಣಿಯರು ಅಡಿಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದು ಬೇರೆ ಇಡುವ ವಾಡಿಕೆಯನ್ನು ನೂರು ವರ್ಷಗಳಿಗೂ ಮೇಲಾಗಿ ನಡೆಸಿಕೊಂಡು ಬಂದಿದ್ದಾರೆ. ನಾವು ರಾಗಿಯ ಲೆಕ್ಕ ಹಾಕೋಣ. ಹಿಡಿಗೆ 50 ಗ್ರಾಮೆಂದರೆ ಎರಡು ಹೊತ್ತಿಗೆ 100 ಗ್ರಾಂ. ನಾಲ್ವತ್ತು ದಿನಕ್ಕೆ ಮನೆಯೊಂದಕ್ಕೆ 4 ಕಿಲೋ. ಇಪ್ಪತ್ತೈದು ಮನೆಗಳು ಸೇರಿದರೆ ಒಂದು ಕ್ವಿಂಟಾಲ್. ತಿಂದವರಿಗೆ ಮುದ್ದೆಯ ಗಾತ್ರ ಕಿರಿದಾದದ್ದು ತಿಳಿಯುವುದೂ ಇಲ್ಲ. ಕ್ರೈಸ್ತರಲ್ಲದ ಮನೆಯವರೂ ಈ ಮಡಕೆಯೊಂದನ್ನು ಅಡಿಗೆಮನೆಯ ಮೂಲೆಯಲ್ಲಿಡಲು ಅಡ್ಡಿಯೇನೂ ಕಾಣೆ.

ಕೊಡುವ ಹೊತ್ತಿನ ವಿಷಯ ಒಂದು ಮಾತು. ಮುರುಗಮಲ್ಲದ ಕಡೆಯ ಮುಸಲ್ಮಾನರನ್ನು ಕೇಳಿದರೆ, ರಂಜಾನಿನ ಫಿತ್ರಾ ದಾನವನ್ನು ಹಬ್ಬದ ನಮಾಜಿಗೆ ಮುಂಚೆಯೇ ಕೊಡಬೇಕೆಂದು ಹೇಳುವರು. ಪಡೆದವನೂ ಅಂದು ಹಬ್ಬ ಮಾಡಬೇಕಲ್ಲವೆ? ಮಡಕೆಯ ರಾಗಿಯನ್ನೂ ಗರಿಗಳ ಭಾನುವಾರದಷ್ಟಕ್ಕೆ ಅಳೆದು ಕೊಟ್ಟರೆ, ಪಡೆದ ಮನೆಯವರು ಅದನ್ನು ಬೀಸಿಸಿ ಹಿಟ್ಟು ಮಾಡಿಕೊಳ್ಳುವುದಕ್ಕೆ ಪಾಸ್ಕಕ್ಕೆ ಮೊದಲು ಒಂದು ವಾರ ಸಿಕ್ಕುತ್ತದೆ.