ದಶವಾರದ ಸರೋಜಾದೇವಿ: ಮಾತು, ಬಣ್ಣ, ಕಣ್ಣು

ರಾಮನಗರ ಎಂದೊಡನೆ ಸಿನಿಮಾ ಪ್ರಿಯರಿಗೆ ಬಂಡೆಗಳು ನೆನಪಾಗುತ್ತವೆ. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರಕ್ಕಾಗಿ ಅಲ್ಲಿನ ಬೆಟ್ಟದ ಬುಡದಲ್ಲಿ ಒಂದು ಹಳ್ಳಿಯನ್ನೇ ಕಟ್ಟಿದ್ದರು. ಚನ್ನಪಟ್ಟಣಕ್ಕೆ ಗೊಂಬೆ, ಮಾಗಡಿಗೆ ಕೆಂಪೇಗೌಡ, ಕನಕಪುರಕ್ಕೆ ರೇಷ್ಮೆ. ಈ ನಾಲ್ಕು ತಾಲ್ಲೂಕುಗಳು ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಬಂಡೆಗಳ ಖ್ಯಾತಿಯ ನಡುವೆ ಒಂದು ಸಂಗತಿಯನ್ನು ನಾವು ಮರೆಯುತ್ತೇವೆ. ದಕ್ಷಿಣದ ಚಿತ್ರರಂಗವನ್ನು ಎರಡು ದಶಕ ಆಳಿದ ಬಿ. ಸರೋಜಾದೇವಿಯವರ ಮನೆತನದ ಊರು ಚನ್ನಪಟ್ಟಣ ತಾಲ್ಲೂಕಿನ ದಶವಾರ. ಅವರನ್ನು ಕುರಿತ ಮಾತುಕತೆಯನ್ನು ನೋಡುವ ಮೊದಲು ಕೆಲವು ವಿಷಯಗಳು ನಿಮಗೆ ತಿಳಿದಿದ್ದರೆ ಒಳ್ಳೆಯದು.

ಅವರು ಹುಟ್ಟಿದ್ದು 1938ರ ಜನವರಿ 7ರಂದು. ತಂದೆ ಭೈರಪ್ಪನವರು ಪೊಲೀಸ್ ಇಲಾಖೆಯಲ್ಲಿದ್ದರು, ತಾಯಿ ರುದ್ರಮ್ಮ. ಹುಡುಗಿ ಹಾಡುವುದನ್ನು ಕೇಳಿ ಮೆಚ್ಚಿಕೊಂಡವರು ಹೊನ್ನಪ್ಪ ಭಾಗವತರ್. ಅವರ ‘ಮಹಾಕವಿ ಕಾಳಿದಾಸ’ (1955) ಸರೋಜಾದೇವಿಯವರ ಮೊದಲ ಚಿತ್ರವಾಯಿತು. ತಾಯಿಯದು ಒಂದೇ ಕಟ್ಟುನಿಟ್ಟು: ಈಜುಡುಗೆ ತೊಡುವಂತಿಲ್ಲ, ತೋಳಿಲ್ಲದ ರವಿಕೆ ಕೂಡದು. ಮಗಳು ಅದನ್ನು ಪಾಲಿಸಿದರು. ಇದನ್ನು ಬರಿಯ ಮಡಿವಂತಿಕೆ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಿರ್ಮಾಪಕನ ಮುಂದೆ ಹದಿಹರೆಯದ ಹುಡುಗಿಯೊಬ್ಬಳು ‘ಆಗದು’ ಎನ್ನಬೇಕಾದರೆ ಬೆನ್ನ ಹಿಂದೆ ಯಾರಾದರೂ ನಿಂತಿರಬೇಕಾಗುತ್ತದೆ.

ಆಗ ದಕ್ಷಿಣದ ಚಿತ್ರಗಳೆಲ್ಲ ಬಹುಪಾಲು ತಯಾರಾಗುತ್ತಿದ್ದುದು ಮದರಾಸಿನ ಸ್ಟುಡಿಯೋಗಳಲ್ಲಿ. ಒಂದೇ ಅಂಗಳದಲ್ಲಿ ನಾಲ್ಕು ಭಾಷೆಗಳ ಕೆಲಸ. 1957ರಲ್ಲಿ ಎನ್.ಟಿ. ರಾಮರಾಯರ ಜೊತೆ ತೆಲುಗಿನ ‘ಪಾಂಡುರಂಗ ಮಹಾತ್ಮ್ಯಂ’, 1958ರಲ್ಲಿ ಎಂ.ಜಿ. ರಾಮಚಂದ್ರನ್ ಜೊತೆ ತಮಿಳಿನ ‘ನಾಡೋಡಿ ಮನ್ನನ್’, 1959ರಲ್ಲಿ ದಿಲೀಪ್ ಕುಮಾರ್ ಇದ್ದ ಹಿಂದಿಯ ‘ಪೈಗಾಮ್’. ಎಂ.ಜಿ.ಆರ್. ಒಬ್ಬರ ಜೊತೆಗೇ ಅವರು 26 ಚಿತ್ರಗಳಲ್ಲಿ ನಟಿಸಿದರು.

ಭಾಷೆ ಬದಲಾದಾಗ ನಟಿಗೆ ಏನಾಗುತ್ತದೆ ಎಂಬುದನ್ನು ನೀವು ಯೋಚಿಸಿದ್ದೀರಾ? ಹಾಡಿನ ಮಟ್ಟಿಗೆ ಚಿಂತೆಯಿಲ್ಲ. ಅದನ್ನು ಹಿನ್ನೆಲೆ ಗಾಯಕರು ಮೊದಲೇ ಹಾಡಿರುತ್ತಾರೆ, ಸೆಟ್ಟಿನಲ್ಲಿ ಧ್ವನಿ ಹಾಕಿದಾಗ ತುಟಿ ಆಡಿಸಿದರಾಯಿತು. ಮಾತು ಹಾಗಲ್ಲ. ಆ ಕಾಲದಲ್ಲಿ ಸಂಭಾಷಣೆಯನ್ನು ಸಾಮಾನ್ಯವಾಗಿ ಸೆಟ್ಟಿನಲ್ಲೇ, ತಲೆಯ ಮೇಲೆ ಉದ್ದನೆಯ ಕೋಲಿಗೆ ತೂಗುಹಾಕಿದ ಮೈಕಿನಲ್ಲಿ ಹಿಡಿಯುತ್ತಿದ್ದರು. ನಾಲಿಗೆ ತಪ್ಪಿದರೆ ತಪ್ಪೂ ಫಿಲ್ಮಿನ ಮೇಲೆ ಮೂಡುತ್ತಿತ್ತು.

ಕನ್ನಡದ ನಾಲಿಗೆಗೆ ತಮಿಳು ಸುಲಭ ಎಂದು ನಾವು ತಿಳಿಯುತ್ತೇವೆ. ಆದರೆ ತಮಿಳಿನ ಬರವಣಿಗೆಯಲ್ಲಿ ‘ಕ’ ಮತ್ತು ‘ಗ’ಗಳಿಗೆ ಒಂದೇ ಅಕ್ಷರ. ಪದದ ಮೊದಲಿಗೆ ಬಂದರೆ ಗಟ್ಟಿಯಾಗಿ, ಎರಡು ಸ್ವರಗಳ ನಡುವೆ ಬಂದರೆ ಮೆತ್ತಗೆ ಉಚ್ಚರಿಸಬೇಕು. ಇದನ್ನು ಕಿವಿಯಿಂದಲೇ ಕಲಿಯಬೇಕು. ಇನ್ನು ‘ೞ’ಕಾರ. ಹಳಗನ್ನಡದಲ್ಲಿ ನಮ್ಮಲ್ಲೂ ಅದಿತ್ತು, ನಾವು ಬಿಟ್ಟೆವು, ತಮಿಳರು ಉಳಿಸಿಕೊಂಡರು. ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಿಸಿ, ಅಂಗುಳಕ್ಕೆ ತಾಗಿಸದೆ ಹೊರಡಿಸುವ ಧ್ವನಿ ಅದು. ಹಿಂದಿಯಲ್ಲಿ ಇನ್ನೊಂದು ಕಷ್ಟ. ನಮ್ಮ ಕಡೆಯ ಆಡುಮಾತಿನಲ್ಲಿ ಮಹಾಪ್ರಾಣಕ್ಕೆ ಅಷ್ಟು ಬೆಲೆಯಿಲ್ಲ. ಹಿಂದಿಯಲ್ಲಿ ‘ಖಾನಾ’ ಎಂದರೆ ಊಟ, ‘ಕಾನಾ’ ಎಂದರೆ ಒಕ್ಕಣ್ಣ!

ಸರೋಜಾದೇವಿಯವರ ತಮಿಳಿನಲ್ಲಿ ಕನ್ನಡದ ಲಯ ಕೊನೆಯವರೆಗೂ ಉಳಿಯಿತು. ಅದು ಕುಂದಾಗಬಹುದಿತ್ತು, ತಮಿಳು ಪ್ರೇಕ್ಷಕರು ಅದನ್ನೇ ಮೆಚ್ಚಿ ‘ಕನ್ನಡತ್ತು ಪೈಂಗಿಳಿ’, ಅಂದರೆ ಕನ್ನಡದ ಗಿಳಿ, ಎಂದು ಕರೆದರು. 1964ರ ‘ಪುದಿಯ ಪರವೈ’ಯಲ್ಲಿ ಶಿವಾಜಿ ಗಣೇಶನ್ ಅವರ ಪಾತ್ರವನ್ನು ‘ಗೋಪಾಲ್’ ಎಂದು ಕೂಗುವ ಅವರ ಧಾಟಿಯನ್ನು ಮಿಮಿಕ್ರಿ ಕಲಾವಿದರು ದಶಕಗಳ ಕಾಲ ಅನುಕರಿಸಿದರು.

ಕನ್ನಡಿಗರಿಗೆ ಅವರು ಮೊದಲಿಗೆ ‘ಕಿತ್ತೂರು ಚೆನ್ನಮ್ಮ’ (1961). ಬಿ.ಆರ್. ಪಂತುಲು ನಿರ್ದೇಶನದ ಆ ಚಿತ್ರದಲ್ಲಿ ರಾಜಕುಮಾರ್ ಮಲ್ಲಸರ್ಜ ದೇಸಾಯಿ. ನಾಯಕ ಮಧ್ಯದಲ್ಲೇ ತೀರಿಕೊಳ್ಳುತ್ತಾನೆ, ಕಥೆಯ ಭಾರವೆಲ್ಲ ನಾಯಕಿಯ ಹೆಗಲಿಗೆ ಬೀಳುತ್ತದೆ. ಆಗ ಅವರಿಗೆ ವಯಸ್ಸು ಇಪ್ಪತ್ತಮೂರು. ಪಠ್ಯಪುಸ್ತಕದ ಚೆನ್ನಮ್ಮನನ್ನು ಓದುವಾಗ ಇಂದಿಗೂ ಎಷ್ಟೋ ಜನರ ಮನಸ್ಸಿಗೆ ಬರುವುದು ಅವರ ಮುಖವೇ.

ಇಲ್ಲಿ ವಿಜ್ಞಾನ ಓದಿದವನ ಎರಡು ಮಾತು. ‘ನಾಡೋಡಿ ಮನ್ನನ್’ ಮುಕ್ಕಾಲು ಪಾಲು ಕಪ್ಪು-ಬಿಳುಪು, ಉಳಿದದ್ದು ಗೇವಾಕಲರ್. ಸರೋಜಾದೇವಿ ತೆರೆಗೆ ಬರುವುದು ಬಣ್ಣದ ಭಾಗದಲ್ಲಿ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ, ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ಯಲ್ಲೂ (1964) ಕಲ್ಯಾಣ್ ಕುಮಾರ್ ಜೊತೆ ನಾಯಕಿ ಅವರೇ. ಬಣ್ಣದ ಹೊಸ ಯುಗದ ಬಾಗಿಲಲ್ಲಿ ಎರಡೆರಡು ಬಾರಿ ನಿಂತವರು. ಆದರೆ ಆ ಬಣ್ಣವೇ ಈಗ ಅಪಾಯದಲ್ಲಿರುವುದು. ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರ ಮೂಡುವುದು ಬೆಳ್ಳಿಯ ಕಣಗಳಿಂದ. ಸರಿಯಾಗಿ ತೊಳೆದು ತಂಪಾಗಿಟ್ಟರೆ ಅದು ಬಹುಕಾಲ ಬಾಳುತ್ತದೆ. ಬಣ್ಣದ ಫಿಲ್ಮಿನಲ್ಲಿ ಕೊನೆಗೆ ಉಳಿಯುವುದು ಬೆಳ್ಳಿಯಲ್ಲ, ಮೂರು ಪದರಗಳ ಸಾವಯವ ಬಣ್ಣ. ಅವುಗಳಲ್ಲಿ ಹಸಿರು-ನೀಲಿಯ ಪದರ ಬೇಗ ಮಾಸುತ್ತದೆ. ಆ ಕಾಲದ ವರ್ಣಚಿತ್ರಗಳ ಹಳೆಯ ಪ್ರತಿಗಳು ಟಿ.ವಿ.ಯಲ್ಲಿ ಬಂದಾಗ ಆಕಾಶ, ಸೀರೆ, ಮುಖ ಎಲ್ಲವೂ ಕೆಂಗುಲಾಬಿಯಾಗಿ ಕಾಣುವುದನ್ನು ನೀವು ಗಮನಿಸಿರಬಹುದು. ನಿಮ್ಮ ಟಿ.ವಿ. ಕೆಟ್ಟಿಲ್ಲ, ಚಿಂತಿಸಬೇಡಿ. ಇನ್ನು ಫಿಲ್ಮಿನ ತಳದ ಹಾಳೆ ಅಸಿಟೇಟ್. ಸೆಕೆ ಮತ್ತು ತೇವಕ್ಕೆ ಸಿಕ್ಕರೆ ಅದು ಕೊಳೆಯತೊಡಗಿ ಡಬ್ಬಿ ತೆರೆದೊಡನೆ ವಿನಿಗರ್ ವಾಸನೆ ಬರುತ್ತದೆ. ಆ ವಾಸನೆ ಬಂದ ಸುರುಳಿಯನ್ನು ಮೊದಲಿನಂತೆ ಮಾಡಲು ಬರುವುದಿಲ್ಲ, ಬೇಗ ನಕಲು ಮಾಡಿಕೊಳ್ಳಬಹುದಷ್ಟೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದೂ 1964ರಲ್ಲೇ. ಅದು ಹುಟ್ಟುವ ಹೊತ್ತಿಗೆ ಕನ್ನಡ ವಾಕ್ಚಿತ್ರಕ್ಕೆ ಮೂವತ್ತು ವರ್ಷ ಆಗಿಹೋಗಿತ್ತು. ನಿಮ್ಮ ಊರಿನ ಹಳೆಯ ಚಿತ್ರಮಂದಿರದ ಅಟ್ಟದಲ್ಲೋ ಹಂಚಿಕೆದಾರರ ಗೋದಾಮಿನಲ್ಲೋ ಹಳೆಯ ಡಬ್ಬಿ ಕಂಡರೆ ಗುಜರಿಗೆ ಹಾಕಬೇಡಿ.

1967ರಲ್ಲಿ ಅವರು ಎಂಜಿನಿಯರ್ ಶ್ರೀಹರ್ಷ ಅವರನ್ನು ಮದುವೆಯಾದರು. ಮದುವೆಯಾದರೆ ನಾಯಕಿಯ ಕಥೆ ಮುಗಿಯಿತು ಎನ್ನುತ್ತಿದ್ದ ಕಾಲ. ಅವರು 1969ರಲ್ಲಿ ಪುಟ್ಟಣ್ಣ ಕಣಗಾಲರ ‘ಮಲ್ಲಮ್ಮನ ಪವಾಡ’ದಲ್ಲಿ ಮಲ್ಲಮ್ಮನಾದರು; ಅದೇ ವರ್ಷ ಪದ್ಮಶ್ರೀ ಬಂತು. 1976ರಲ್ಲಿ ಪುಟ್ಟಣ್ಣನವರ ‘ಕಥಾಸಂಗಮ’ದ ಮೂರು ಕಥೆಗಳಲ್ಲಿ ಒಂದು ಅವರದು. 1977ರ ‘ಬಬ್ರುವಾಹನ’ದಲ್ಲಿ ಅರ್ಜುನನೂ ರಾಜಕುಮಾರ್, ಮಗ ಬಬ್ರುವಾಹನನೂ ರಾಜಕುಮಾರ್. ಚಿತ್ರಾಂಗದೆಯಾದ ಸರೋಜಾದೇವಿ ಒಂದೇ ಚಿತ್ರದಲ್ಲಿ ಒಬ್ಬನೇ ನಟನಿಗೆ ಹೆಂಡತಿ ಮತ್ತು ತಾಯಿ! ಎರಡು ಬಗೆಯ ನೋಟವನ್ನು ಅವರು ಎಷ್ಟು ಸಲೀಸಾಗಿ ಬೇರೆ ಮಾಡಿದ್ದಾರೆ ಎಂಬುದಕ್ಕಾಗಿಯಾದರೂ ಅದನ್ನು ಮತ್ತೊಮ್ಮೆ ನೋಡಿ. 1986ರಲ್ಲಿ ಪತಿ ತೀರಿಕೊಂಡರು. 1992ರಲ್ಲಿ ಪದ್ಮಭೂಷಣ. ಆಮೇಲೆ ತೆರೆಯ ಮೇಲೆ ಅವರು ಕಂಡದ್ದು ಕಡಿಮೆ. 1984ರ ‘ಯಾರಿವನು’ ಚಿತ್ರದಲ್ಲಿ ಅವರೊಡನೆ ಬಾಲನಟನಾಗಿದ್ದ ಪುನೀತ್, 2019ರ ‘ನಟಸಾರ್ವಭೌಮ’ದಲ್ಲಿ ನಾಯಕನಾಗಿ ಅವರ ಎದುರು ನಿಂತರು.

2025ರ ಜುಲೈ 14ರಂದು ಮಲ್ಲೇಶ್ವರದ ಮನೆಯಲ್ಲಿ ಸರೋಜಾದೇವಿ ನಿಧನರಾದರು. ಆ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಅವರಿಗೆ ಮರಣೋತ್ತರವಾಗಿ ಕರ್ನಾಟಕ ರತ್ನ ನೀಡಲು ತೀರ್ಮಾನಿಸಿತು. ಪ್ರಶಸ್ತಿಯ ಸುದ್ದಿ ಎಲ್ಲರಿಗೂ ತಲುಪಿತು. ಅವರ ಕಣ್ಣುಗಳನ್ನು ದಾನ ಮಾಡಿದ ಸುದ್ದಿ ಅಷ್ಟು ಜನರಿಗೆ ತಲುಪಲಿಲ್ಲವೇನೋ. ಎಂಬತ್ತೇಳರ ವಯಸ್ಸಿನ ಕಣ್ಣು ಯಾರಿಗೆ ಉಪಯೋಗ ಎಂದು ಕೇಳಿದವರನ್ನು ನಾನು ಕಂಡಿದ್ದೇನೆ. ಮತ್ತೊಬ್ಬರಿಗೆ ಕೂರಿಸುವುದು ಇಡೀ ಕಣ್ಣನ್ನಲ್ಲ, ಕಾರ್ನಿಯಾ ಎಂಬ ಮುಂಭಾಗದ ಪಾರದರ್ಶಕ ಪೊರೆಯನ್ನು. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರೊಳಗೆ ರಕ್ತನಾಳಗಳಿಲ್ಲ, ಆದ್ದರಿಂದ ಬೇರೆಯವರ ದೇಹ ಅದನ್ನು ತಿರಸ್ಕರಿಸುವ ಸಂಭವ ಕಡಿಮೆ. ಕನ್ನಡಕ ಹಾಕಿದವರೂ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದವರೂ ಕೊಡಬಹುದು. ಸಾವಿನ ನಂತರ ಸುಮಾರು ಆರು ಗಂಟೆಯೊಳಗೆ ತೆಗೆಯಬೇಕು. ಅಲ್ಲಿಯವರೆಗೆ ಮನೆಯವರು ಮಾಡಬೇಕಾದದ್ದು ಇಷ್ಟೇ: ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡುವುದು, ಫ್ಯಾನ್ ಆರಿಸುವುದು, ತಲೆಯನ್ನು ಸ್ವಲ್ಪ ಎತ್ತರಿಸುವುದು, ನೇತ್ರ ಬ್ಯಾಂಕಿಗೆ ತಿಳಿಸುವುದು.

ಮಾರನೆಯ ದಿನ ಸರ್ಕಾರಿ ಗೌರವದೊಡನೆ ಅವರ ದೇಹವನ್ನು ದಶವಾರದಲ್ಲಿ, ತಾಯಿ ರುದ್ರಮ್ಮನವರ ಸಮಾಧಿಯ ಪಕ್ಕದಲ್ಲಿ, ಮಣ್ಣು ಮಾಡಿದರು.